ಕೇಳದೇ ಬಂದ ಎಣ್ಣೆ

ಮೈಸೂರಿನ ಯಾವುದೇ ಮನೆಯಲ್ಲಿ ಅಡುಗೆಗೆ ಯಾವ ಎಣ್ಣೆ ಎಂದು ಕೇಳಿ ನೋಡಿ. ಕಡ್ಲೆಕಾಯಿ ಎಣ್ಣೆ ಎನ್ನುತ್ತಾರೆ, ಸನ್‌ಫ್ಲವರ್ ಎನ್ನುತ್ತಾರೆ, ಈಚೆಗೆ ಮರದ ಗಾಣದ್ದು ಎಂದು ಒತ್ತಿ ಹೇಳುವವರೂ ಹೆಚ್ಚಾಗಿದ್ದಾರೆ. ತಲೆಗೆ ಕೊಬ್ಬರಿ ಎಣ್ಣೆ, ಎಣ್ಣೆ ನೀರಿಗೆ ಹರಳೆಣ್ಣೆ, ದೇವರ ಮುಂದೆ ಎಳ್ಳೆಣ್ಣೆ. ಯಾವುದಕ್ಕೆ ಯಾವ ಎಣ್ಣೆ ಎಂದು ಗೊತ್ತುಮಾಡಿಕೊಂಡು ಬಂದ ಜನ ನಾವು. ಪಾಮಾಯಿಲ್ ಎಂದು ಬಾಯಿಬಿಟ್ಟು ಹೇಳುವ ಮನೆ ಸಿಗುವುದು ಅಪರೂಪ. ದೇಶದ ಲೆಕ್ಕ ಮಾತ್ರ ಬೇರೆಯೇ ಇದೆ. ನಮಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ತಾಳೆ ಎಣ್ಣೆಯದು, ಅಂದರೆ ಇದೇ ಪಾಮಾಯಿಲಿನದು, ವರ್ಷಕ್ಕೆ 80 ಲಕ್ಷ ಟನ್ನಿನ ಆಸುಪಾಸು. ಜಗತ್ತಿನಲ್ಲಿ ಇಷ್ಟೊಂದು ತಾಳೆ ಎಣ್ಣೆ ಕೊಳ್ಳುವ ಇನ್ನೊಂದು ದೇಶ ಇಲ್ಲ.

ಯಾರ ಮನೆಯ ಶೀಶೆಯಲ್ಲೂ ಕಾಣದ ಈ ಎಣ್ಣೆ ಹೋಗುವುದೆಲ್ಲಿಗೆ? ನಮ್ಮ ಹೊಟ್ಟೆಗೇ ಹೋಗುತ್ತದೆ, ಸ್ವಲ್ಪ ಮೈಗೂ ಹೋಗುತ್ತದೆ. ಬೆಳಿಗ್ಗೆ ಕಾಫಿಗೆ ಅದ್ದಿಕೊಳ್ಳುವ ಬಿಸ್ಕತ್ತಿನಲ್ಲಿ ಅದು ಇದೆ. ಮಕ್ಕಳು ಶಾಲೆಯಿಂದ ಬಂದೊಡನೆ ಕೇಳುವ ನೂಡಲ್ಸ್ ಎಳೆಗಳನ್ನು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ತಾಳೆ ಎಣ್ಣೆಯಲ್ಲೇ ಕರಿದು ಒಣಗಿಸಿರುತ್ತಾರೆ, ಅದಕ್ಕೇ ಬಿಸಿನೀರು ಬಿದ್ದೊಡನೆ ಅಷ್ಟು ಬೇಗ ಮೆತ್ತಗಾಗುತ್ತವೆ. ಚಿಪ್ಸು, ಖಾರದ ಮಿಕ್ಸ್ಚರು, ಅಗ್ಗದ ಚಾಕೊಲೇಟಿನ ಹೊರಪದರ, ಬೇಕರಿಯ ಪಫ್ಫು, ಬನ್ನಿನ ಮಧ್ಯೆ ತುಂಬಿದ ಕ್ರೀಮು. ಸ್ನಾನದ ಸೋಪಿನ ಕಾಗದದ ಮೇಲೆ ಸೋಡಿಯಂ ಪಾಮೇಟ್ ಎಂದು ಬರೆದಿದ್ದರೆ ಅದೂ ತಾಳೆ ಎಣ್ಣೆಯೇ. ಶಾಂಪೂವಿನ ನೊರೆ, ಟೂತ್‌ಪೇಸ್ಟಿನ ನೊರೆ ಬಹುಮಟ್ಟಿಗೆ ತಾಳೆಯ ಒಳಬೀಜದ ಎಣ್ಣೆಯಿಂದಲೋ ಕೊಬ್ಬರಿ ಎಣ್ಣೆಯಿಂದಲೋ ಬಂದದ್ದು. ದೀಪದ ಎಣ್ಣೆ ಎಂದು ಮಾರುವ ಕೆಲವು ಪೊಟ್ಟಣಗಳಲ್ಲಿ ಕೂಡ ಇದೇ ಬೆರೆತಿರುತ್ತದೆ.

ಪೊಟ್ಟಣದ ಆಹಾರದ ಮಟ್ಟಿಗೆ ಕಾನೂನು ನಮ್ಮ ಪರವಾಗಿದೆ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಸಸ್ಯಜನ್ಯ ಎಣ್ಣೆ ಎಂದಷ್ಟೇ ಬರೆದು ಬಿಡದೆ ಯಾವ ಎಣ್ಣೆ ಎಂದೂ ಹೇಳಬೇಕು. ಹೇಳಿರುತ್ತಾರೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಪೊಟ್ಟಣದ ಬೆನ್ನಿನಲ್ಲಿ, ಮಡಿಕೆ ಬೀಳುವ ಜಾಗದಲ್ಲಿ. ಮುಂದುಗಡೆ ಬೆಣ್ಣೆಯ ಹೆಸರು, ಹಾಲಿನ ಚಿತ್ರ. ಹಿಂದೆ ತಿರುಗಿಸಿದರೆ ಮೈದಾ ಮತ್ತು ಸಕ್ಕರೆಯ ಆಚೀಚೆ ಪಾಮೋಲಿನ್, ಅಂದರೆ ತಾಳೆ ಎಣ್ಣೆಯದೇ ತಿಳಿಯಾದ ಭಾಗ. ಐಸ್‌ಕ್ರೀಂ ಎಂದು ಕೊಳ್ಳುವ ಎಷ್ಟೋ ಡಬ್ಬಗಳ ಮೇಲೆ ಫ್ರೋಜನ್ ಡೆಸರ್ಟ್ ಎಂದಿರುತ್ತದೆ. ಹಾಲಿನ ಕೊಬ್ಬಿನ ಬದಲು ಸಸ್ಯದ ಕೊಬ್ಬು ಹಾಕಿದಾಗ ಐಸ್‌ಕ್ರೀಂ ಎಂದು ಬರೆಯಲು ಕಾನೂನು ಬಿಡುವುದಿಲ್ಲ, ಅದಕ್ಕೆ ಈ ಹೆಸರು. ಮಂಡ್ಯದಲ್ಲಿ ಹಳ್ಳಿ ಹಳ್ಳಿಯಲ್ಲೂ ಡೈರಿ ಇದೆ. ಮುಂಜಾನೆ ಐದಕ್ಕೆ ಕ್ಯಾನು ಹಿಡಿದು ಹೆಂಗಸರು ಸಾಲು ನಿಲ್ಲುತ್ತಾರೆ. ಅದೇ ಹಳ್ಳಿಯ ಮಗುವಿನ ಹುಟ್ಟುಹಬ್ಬಕ್ಕೆ ಪೇಟೆಯಿಂದ ಬರುವ ಕೇಕಿನ ಮೇಲಿನ ಬಿಳಿ ಕ್ರೀಮಿನಲ್ಲಿ ಎಷ್ಟೋ ಸಲ ಹಾಲಿನ ಕೆನೆಯೇ ಇರುವುದಿಲ್ಲ. ತಾಳೆ ಬೀಜದ ಎಣ್ಣೆ, ಸಕ್ಕರೆ, ನೀರು ಸೇರಿಸಿ ಉಬ್ಬಿಸಿದ್ದು ಅದು. ಹಾಲು ಹಾಕುವ ತಾಯಿಗೆ ಇದನ್ನು ಯಾರೂ ಹೇಳಿಲ್ಲ. ಇದು ನನ್ನನ್ನು ತುಂಬ ಕಾಡುವ ಸಂಗತಿ.

ಇನ್ನು ಪೊಟ್ಟಣವೇ ಇಲ್ಲದ ತಿಂಡಿಗೆ ಯಾವ ಲೇಬಲ್ಲೂ ಇಲ್ಲ. ಸಂಜೆ ನಮ್ಮ ಬಡಾವಣೆಯ ತಿರುವಿನಲ್ಲಿ ಬೋಂಡ, ಬಜ್ಜಿ, ಮಸಾಲೆ ವಡೆ ಹಾಕುವ ಗಾಡಿಯವರನ್ನು ಒಮ್ಮೆ ಕೇಳಿದೆ, ಯಾವ ಎಣ್ಣೆ ಅಣ್ಣ ಇದು ಅಂತ. ಮುಚ್ಚುಮರೆ ಮಾಡಲಿಲ್ಲ ಅವರು. "ಪಾಮಾಯಿಲ್ಲೇ ಕಣಕ್ಕ. ಕಡ್ಲೆಕಾಯಿ ಎಣ್ಣೇಲಿ ಹಾಕುದ್ರೆ ಪ್ಲೇಟಿಗೆ ಎಷ್ಟು ಹೇಳ್ಲಿ? ಹೇಳುದ್ರೂ ಯಾರು ತಿಂತಾರೆ? ಇದು ಹೊಗೆ ಬರಲ್ಲ, ಬೇಗ ಕೆಡಲ್ಲ, ಬೋಂಡನೂ ಗರಿಗರಿಯಾಗಿರ್ತದೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಒಲೆಯ ಮುಂದೆ ನಿಂತು ಸಂಸಾರ ಸಾಕುವ ಮನುಷ್ಯನಿಗೆ ಗಾಣದ ಎಣ್ಣೆ ಕೊಳ್ಳಿ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ಗಾಣದ ಎಣ್ಣೆಗೆ ಪಾಮೋಲಿನ್ನಿನ ಎರಡು, ಮೂರು ಪಟ್ಟು ಬೆಲೆ.

ಅವರ ಮಾತಿನ ಹಿಂದೆ ರಸಾಯನಶಾಸ್ತ್ರವೂ ಇದೆ. ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಗಟ್ಟಿಯಾಗುವ ಗುಣದ ಕೊಬ್ಬು. ಅದರಲ್ಲೂ ಪಾಮಿಟಿಕ್ ಆಮ್ಲವೇ ಶೇ. 44ರಷ್ಟು. ಇಂಥ ಕೊಬ್ಬು ಗಾಳಿ ಮತ್ತು ಶಾಖಕ್ಕೆ ಸುಲಭವಾಗಿ ಒಡೆಯುವುದಿಲ್ಲ, ಬೇಗ ಕಮಟು ಹಿಡಿಯುವುದಿಲ್ಲ. ಬಿಸ್ಕತ್ತು ಆರು ತಿಂಗಳು ಅಂಗಡಿಯಲ್ಲಿ ಕೂರಬೇಕು, ಪಫ್ಫಿನ ಪದರ ಬಿಡಿಬಿಡಿಯಾಗಿ ನಿಲ್ಲಬೇಕು, ಬಾಣಲೆಯ ಎಣ್ಣೆ ದಿನವಿಡೀ ಬಾಳಬೇಕು ಎಂದರೆ ಇದರಷ್ಟು ಅನುಕೂಲದ, ಇಷ್ಟು ಅಗ್ಗದ ಇನ್ನೊಂದು ಎಣ್ಣೆ ಇಲ್ಲ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಪಾಮೋಲಿನ್ ಪೊಟ್ಟಣ ಬೆಳಿಗ್ಗೆ ಹೊತ್ತು ಮಂಜುಮಂಜಾಗಿ ಹರಳುಗಟ್ಟುವುದು ಈ ಗುಣದಿಂದಲೇ.

ಆರೋಗ್ಯದ ಮಾತು ಬಂದಾಗ ಎರಡು ಕಡೆಯ ಅತಿರೇಕವನ್ನೂ ಕೇಳಿದ್ದೇನೆ. ವಾಟ್ಸಾಪಿನಲ್ಲಿ ಅದು ವಿಷ, ಕ್ಯಾನ್ಸರ್ ತರುತ್ತದೆ ಎಂದು ಓಡಾಡುತ್ತದೆ. ಮಾರುವವರು ಅದರಲ್ಲಿ ವಿಟಮಿನ್ ಎ ಇದೆ, ಕೊಲೆಸ್ಟರಾಲ್ ಇಲ್ಲ ಎನ್ನುತ್ತಾರೆ. ಕೊಲೆಸ್ಟರಾಲ್ ಯಾವ ಸಸ್ಯದ ಎಣ್ಣೆಯಲ್ಲೂ ಇರುವುದಿಲ್ಲ ಎನ್ನಬಹುದು, ಇದ್ದರೂ ಲೆಕ್ಕಕ್ಕೆ ಬಾರದಷ್ಟು, ಹಾಗಾಗಿ ಅದೊಂದು ಹೊಗಳಿಕೆಯೇ ಅಲ್ಲ. ಹಣ್ಣಿನಿಂದ ತೆಗೆದ ಕೆಂಪು ತಾಳೆ ಎಣ್ಣೆಯಲ್ಲಿ ಕ್ಯಾರೋಟಿನ್ ಹೇರಳವಾಗಿದೆ ಎಂಬುದು ನಿಜ. ಪಶ್ಚಿಮ ಆಫ್ರಿಕದ ಜನ ಅದನ್ನು ಸಾವಿರಾರು ವರ್ಷದಿಂದ ಸಾರಿಗೆ, ಪಲ್ಯಕ್ಕೆ ಹಾಕಿಕೊಂಡು ಬಂದಿದ್ದಾರೆ, ಅದು ಅವರ ಊಟ. ನಮಗೆ ಬರುವುದು ಆ ಕೆಂಪನ್ನೆಲ್ಲ ತೆಗೆದು, ವಾಸನೆ ಕಳೆದು, ಶುದ್ಧೀಕರಿಸಿದ ಹಳದಿ ನೀರಿನಂಥ ಎಣ್ಣೆ.

ವಾಸನೆ ತೆಗೆಯಲು ಎಣ್ಣೆಯನ್ನು 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸುತ್ತಾರೆ. ಆ ಶಾಖದಲ್ಲಿ ಗ್ಲಿಸಿಡಿಲ್ ಎಸ್ಟರ್, 3-ಎಂಸಿಪಿಡಿ ಎಂಬ ಪದಾರ್ಥಗಳು ಹುಟ್ಟುತ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಇವುಗಳನ್ನು ಪರಿಶೀಲಿಸಿ, ಎಲ್ಲ ಶುದ್ಧೀಕರಿಸಿದ ಎಣ್ಣೆಗಳಲ್ಲೂ ಇವು ಕಂಡರೂ ತಾಳೆ ಎಣ್ಣೆಯಲ್ಲಿ ಅತಿ ಹೆಚ್ಚು ಎಂದು ಹೇಳಿತು. ಗ್ಲಿಸಿಡಿಲ್ ಎಸ್ಟರಿನಿಂದ ಹೊಟ್ಟೆಯೊಳಗೆ ಬಿಡುಗಡೆಯಾಗುವ ಗ್ಲಿಸಿಡಾಲನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಎರಡು ವರ್ಷದ ನಂತರ ಯುರೋಪು ಎಣ್ಣೆಗೂ ಹಸುಗೂಸುಗಳ ಆಹಾರಕ್ಕೂ ಇದರ ಮಿತಿ ಗೊತ್ತುಮಾಡಿತು. ಶುದ್ಧೀಕರಣದ ಕ್ರಮ ಬದಲಿಸಿ ಇದನ್ನು ಇಳಿಸಬಹುದು, ಇಳಿಸಿದ್ದಾರೆ ಕೂಡ. ಕೊಳ್ಳುವವರು ಗಟ್ಟಿಯಾಗಿ ಕೇಳಿದರೆ ಮಾರುವವರು ಬದಲಾಗುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಆದರೆ ನಮ್ಮ ಊರಿನವರಿಗೆ ಇದಕ್ಕಿಂತ ಹತ್ತಿರದ ಅಪಾಯ ಹೃದಯದ್ದು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ದಿನದ ಒಟ್ಟು ಶಕ್ತಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಈ ಕೊಬ್ಬಿನಿಂದ ಬರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಇದರ ಪಾಲು ಐದನೇ ಒಂದಕ್ಕಿಂತ ಕಡಿಮೆ, ಎಳ್ಳೆಣ್ಣೆಯಲ್ಲಿ ಇನ್ನೂ ಕಡಿಮೆ. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು: ತುಪ್ಪದಲ್ಲಿ ಶೇ. 60ಕ್ಕೂ ಮೇಲೆ, ಕೊಬ್ಬರಿ ಎಣ್ಣೆಯಲ್ಲಿ ಶೇ. 90ರ ಹತ್ತಿರ ಇದೇ ಬಗೆಯ ಕೊಬ್ಬಿದೆ. ಹಾಗಾಗಿ ಪಾಮೋಲಿನ್ನನ್ನು ಬೈದು ಮೈಸೂರು ಪಾಕಿಗೆ ಧಾರಾಳವಾಗಿ ತುಪ್ಪ ಸುರಿದುಕೊಂಡರೆ ಹೃದಯಕ್ಕೆ ಏನೂ ಉಪಕಾರವಾಗುವುದಿಲ್ಲ. ವ್ಯತ್ಯಾಸ ಇರುವುದು ಬೇರೆಡೆ. ತುಪ್ಪ ತಿನ್ನುವಾಗ ತಿನ್ನುತ್ತಿದ್ದೇವೆಂದು ನಮಗೆ ಗೊತ್ತಿರುತ್ತದೆ, ಹಬ್ಬಕ್ಕೆ ಎಂದು ತಿನ್ನುತ್ತೇವೆ, ಸಾಕು ಎನ್ನುತ್ತೇವೆ. ಬಿಸ್ಕತ್ತಿನೊಳಗೆ ಕೂತ ಎಣ್ಣೆಗೆ ಯಾರೂ ಸಾಕು ಎನ್ನುವುದಿಲ್ಲ. ಮನೆಗೆ ತಿಂಗಳಿಗೆ ಇಷ್ಟು ಲೀಟರ್ ಎಣ್ಣೆ ಎಂದು ಲೆಕ್ಕ ಇಡುವ ಗೃಹಿಣಿಯ ಲೆಕ್ಕಕ್ಕೆ ಹೊರಗಿನ ಎಣ್ಣೆ ಬರುವುದೇ ಇಲ್ಲ. ದೇಶದಲ್ಲಿ ತಲಾ ಎಣ್ಣೆ ಬಳಕೆ ವರ್ಷಕ್ಕೆ 20 ಕಿಲೋ ಹತ್ತಿರ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಾಕು ಎನ್ನುವುದು 12 ಕಿಲೋ.

ತಾಳೆ ಎಣ್ಣೆಯ ಪರವಾಗಿ ಹೇಳಬೇಕಾದ್ದೂ ಒಂದಿದೆ. ನಮ್ಮ ಚಿಕ್ಕಂದಿನ ವನಸ್ಪತಿಯನ್ನು ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುತ್ತಿದ್ದರು, ಆಗ ಹುಟ್ಟುವ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ. 2ನ್ನು ಮೀರಬಾರದು ಎಂದು ನಿಯಮ ಬಂತು. ತಾಳೆ ಎಣ್ಣೆ ತಾನಾಗಿಯೇ ಅರೆಗಟ್ಟಿ ಇರುವುದರಿಂದ ಬೇಕರಿಗಳಿಗೆ ದಾರಿ ಸುಲಭವಾಯಿತು. ದೊಡ್ಡ ಕೆಡುಕು ತಪ್ಪಿ ಅದಕ್ಕಿಂತ ಸಣ್ಣ ಕೆಡುಕು ಬಂತು, ಆದರೆ ಬಂದದ್ದು ಬಹಳ ದೊಡ್ಡ ಪ್ರಮಾಣದಲ್ಲಿ.

ಈಗ ಆ ಎಣ್ಣೆ ಹೊರಟ ಜಾಗಕ್ಕೆ ಹೋಗೋಣ. ಆಫ್ರಿಕದ ಈ ಮರದ ನಾಲ್ಕು ಸಸಿಗಳನ್ನು 1848ರಲ್ಲಿ ಡಚ್ಚರು ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನೆಟ್ಟರು. 1911ರ ಹೊತ್ತಿಗೆ ಸುಮಾತ್ರದಲ್ಲಿ, 1917ರಲ್ಲಿ ಮಲಯದಲ್ಲಿ ತೋಟಗಳಾದವು. ಇವತ್ತು ಜಗತ್ತಿನ ತಾಳೆ ಎಣ್ಣೆಯ ಶೇ. 85ರಷ್ಟು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬರುತ್ತದೆ.

ಆ ನಾಡಿನ ಒಂದು ಕಥೆಯನ್ನು ಮಂಡ್ಯದವರು ಬೇರೆ ಯಾರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಾರು, ಏಕೆಂದರೆ ಅದು ಕಾಲುವೆಯ ಕಥೆ. ಬೋರ್ನಿಯೋ ದ್ವೀಪದ ಕಲಿಮಂತಾನ್‌ನಲ್ಲಿ ಕಾಡಿನ ಕೆಳಗೆ ನೆಲವೇ ಬೇರೆ ಥರ. ಸಾವಿರಾರು ವರ್ಷ ಎಲೆ, ಕೊಂಬೆ, ಬೇರು ನೀರಿನಲ್ಲಿ ಮುಳುಗಿ, ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಕಪ್ಪು ಜವುಗು ಅದು. ಪೀಟ್ ಎನ್ನುತ್ತಾರೆ. ಕೆಲವು ಕಡೆ 10 ಮೀಟರಿಗೂ ಹೆಚ್ಚು ಆಳ ಇದೆ. 1990ರ ದಶಕದ ಮಧ್ಯದಲ್ಲಿ ಅಧ್ಯಕ್ಷ ಸುಹಾರ್ತೊ ಅಲ್ಲಿ 10 ಲಕ್ಷ ಹೆಕ್ಟೇರ್ ಜವುಗನ್ನು ಭತ್ತದ ಗದ್ದೆ ಮಾಡಲು ಹೊರಟರು. ಕಾಡು ಕಡಿದರು, ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು. ನಮ್ಮ ಕಡೆ ಕಾಲುವೆ ಎಂದರೆ ನೀರು ತರುವುದು. ಇರ್ವಿನ್ ನಾಲೆ ಎಂದು ಮೊದಲು ಕರೆಸಿಕೊಂಡ ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿಯಿಂದ ಹರಿದ ಮೇಲೇ ಮಂಡ್ಯದ ಬೆಂಗಾಡು ಹಸಿರಾದದ್ದು, ನಮ್ಮ ತಾತಂದಿರು ಹುರುಳಿ ಹೊಲವನ್ನು ಗದ್ದೆ ಮಾಡಿದ್ದು. ಕಲಿಮಂತಾನ್‌ನ ಕಾಲುವೆಗಳು ನೀರನ್ನು ಹೊರಗೆ ಒಯ್ದವು. ಭತ್ತ ಬೆಳೆಯಲಿಲ್ಲ, ಆ ಹುಳಿಮಣ್ಣಿನಲ್ಲಿ ಬೆಳೆಯುವ ಹಾಗೂ ಇರಲಿಲ್ಲ. ಯೋಜನೆ ಕೈಬಿಟ್ಟರು. ನೀರು ಬಸಿದುಹೋದ ಜವುಗು ಒಣಗಿ, ಸೌದೆಯ ರಾಶಿಯಂತೆ ಬೆಂಕಿಗೆ ಕಾದು ಕೂತಿತು.

1997ರಲ್ಲಿ ಅದು ಹೊತ್ತಿ ಉರಿಯಿತು. 2015ರಲ್ಲಿ ಮತ್ತೆ. ಎಲ್ ನಿನೊ ಎಂಬ ಸಮುದ್ರದ ಬಿಸಿಯಿಂದ ಅಲ್ಲಿ ಮಳೆ ಕೈಕೊಟ್ಟ ವರ್ಷ ಅದು. ತಾಳೆ ತೋಟಕ್ಕೆ, ಕಾಗದದ ಮರದ ತೋಪಿಗೆ, ಸಣ್ಣ ಹಿಡುವಳಿಗೆ ನೆಲ ಸವರಲು ಹಚ್ಚಿದ ಬೆಂಕಿ ಕೈಮೀರಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಐದು ಮಂಡ್ಯ ಜಿಲ್ಲೆಗಳಿಗಿಂತ ಹೆಚ್ಚಿನ ಜಾಗ. ಪೀಟ್ ನೆಲ ಮೇಲೆ ಆರಿದರೂ ಒಳಗೇ ವಾರಗಟ್ಟಲೆ ಕೆಂಡವಾಗಿರುತ್ತದೆ, ಮಳೆ ಹಿಡಿಯುವತನಕ ನಂದುವುದಿಲ್ಲ. ಹೊಗೆ ಸಮುದ್ರ ದಾಟಿ ಸಿಂಗಪುರ, ಮಲೇಷ್ಯಾಗಳ ಶಾಲೆಗಳನ್ನು ಮುಚ್ಚಿಸಿತು. ಐದು ಲಕ್ಷಕ್ಕೂ ಹೆಚ್ಚು ಜನ ಉಸಿರಾಟದ ಸೋಂಕಿನಿಂದ ನರಳಿದರು. ಆ ಒಂದು ವರ್ಷದ ನಷ್ಟ 1,600 ಕೋಟಿ ಡಾಲರ್ ಎಂದು ವಿಶ್ವ ಬ್ಯಾಂಕ್ ಅಂದಾಜು ಮಾಡಿತು. ಪಾಮೋಲಿನ್ ಅಗ್ಗ ಎನ್ನುವಾಗ ಈ ಡಾಲರುಗಳನ್ನು ಯಾರು ಕೊಟ್ಟರು ಎಂದು ಯೋಚಿಸುತ್ತೇನೆ. ಕೊಟ್ಟವರು ಹೊಗೆ ಕುಡಿದ ಹಳ್ಳಿಯ ಮಕ್ಕಳು.

ಕೆಲವು ವರ್ಷದ ಹಿಂದೆ ಸಿಂಗಪುರ, ಮಲೇಷ್ಯಾದ ಮೃಗಾಲಯಗಳಿಂದ ನಮ್ಮ ಮೈಸೂರು ಮೃಗಾಲಯಕ್ಕೆ ಒರಾಂಗುಟಾನ್‌ಗಳು ಬಂದಿವೆ. ಮಕ್ಕಳು ಅವುಗಳ ಮುಂದಿನಿಂದ ಕದಲುವುದಿಲ್ಲ, ನಾನೂ ಕದಲುವುದಿಲ್ಲ. ಬೋರ್ನಿಯೋ, ಸುಮಾತ್ರದ ಕಾಡುಗಳಲ್ಲಿರುವ ಅವುಗಳ ಮೂರು ಜಾತಿಗಳೂ ಈಗ ಅಳಿವಿನ ಅಂಚಿನಲ್ಲಿವೆ. ಮೂರನೆಯದಾದ ತಪಾನುಲಿ ಒರಾಂಗುಟಾನ್ ಬೇರೆ ಜಾತಿ ಎಂದು ವಿಜ್ಞಾನಿಗಳು ಗುರುತಿಸಿದ್ದೇ 2017ರಲ್ಲಿ, ಗುರುತಿಸುವ ಹೊತ್ತಿಗೆ ಉಳಿದಿದ್ದದ್ದು 800ಕ್ಕಿಂತ ಕಡಿಮೆ. 1999ರಿಂದ 2015ರ ನಡುವೆ ಬೋರ್ನಿಯೋ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್ ಕಳೆದುಹೋದವು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬೇಟೆಯೂ ಕಾರಣ, ಗಣಿಯೂ ಕಾರಣ, ತಾಳೆ ತೋಟವೂ ಕಾರಣ. ತೋಟಗಳಲ್ಲಿ ದುಡಿಯುವವರ ಕಥೆಯೂ ಹಗುರವಲ್ಲ. 2020ರಲ್ಲಿ ಅಮೆರಿಕದ ಸುಂಕ ಇಲಾಖೆ ಮಲೇಷ್ಯಾದ ಎರಡು ದೊಡ್ಡ ಕಂಪನಿಗಳ ತಾಳೆ ಎಣ್ಣೆಯನ್ನು ಬಲವಂತದ ದುಡಿಮೆಯ ಕುರುಹು ಇದೆ ಎಂದು ಬಂದರಿನಲ್ಲೇ ತಡೆಯಿತು.

ಇಷ್ಟು ಕೇಳಿದ ಮೇಲೆ ಅದನ್ನು ಪೂರ್ತಿ ಬಹಿಷ್ಕರಿಸಬೇಕು ಅನ್ನಿಸುವುದು ಸಹಜ. ಶ್ರೀಲಂಕಾ 2021ರಲ್ಲಿ ಆಮದನ್ನೂ ಹೊಸ ತೋಟಗಳನ್ನೂ ನಿಷೇಧಿಸಿತು. ನಾನೂ ಒಂದು ಕಾಲಕ್ಕೆ ಹಾಗೇ ವಾದಿಸುತ್ತಿದ್ದೆ, ಈಗ ವಾದಿಸುವುದಿಲ್ಲ. ಕಾರಣ ಎಕರೆಯ ಲೆಕ್ಕ. ತಾಳೆ ಒಂದು ಹೆಕ್ಟೇರಿಗೆ ಮೂರೂವರೆ ಟನ್ನಿನಷ್ಟು ಎಣ್ಣೆ ಕೊಡುತ್ತದೆ. ಕಡಲೆಕಾಯಿ, ಸೂರ್ಯಕಾಂತಿ, ಸೋಯಾ ಯಾವುದೂ ಒಂದು ಟನ್ ಮುಟ್ಟುವುದಿಲ್ಲ. ಜಗತ್ತಿನ ಎಣ್ಣೆ ಬೆಳೆಗಳ ನೆಲದಲ್ಲಿ ಹತ್ತನೇ ಒಂದು ಪಾಲಿಗಿಂತ ಕಡಿಮೆ ಜಾಗದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಎಣ್ಣೆ ತಾಳೆಯಿಂದ ಬರುತ್ತದೆ. ಇಷ್ಟೇ ಎಣ್ಣೆ ತಿನ್ನುತ್ತೇವೆ, ಆದರೆ ಬೇರೆಯದನ್ನು ತಿನ್ನುತ್ತೇವೆ ಎಂದರೆ ಇನ್ನೆಲ್ಲೋ ಇನ್ನೂ ದೊಡ್ಡ ಕಾಡು ಹೋಗುತ್ತದೆ. ಸೋಯಾಕ್ಕಾಗಿ ದಕ್ಷಿಣ ಅಮೆರಿಕದಲ್ಲಿ ಅದು ಆಗಿದೆ. ಹಾಗಾಗಿ ಮೊದಲು ಇಳಿಯಬೇಕಾದದ್ದು ಒಟ್ಟು ಎಣ್ಣೆ, ಅದರಲ್ಲೂ ಕೇಳದೇ ಒಳಗೆ ಬರುವ ಎಣ್ಣೆ. ಕಾಡು ಕಡಿಯದೆ ಬೆಳೆದದ್ದು ಎಂದು ಪ್ರಮಾಣಪತ್ರ ಕೊಡುವ ಆರ್‌ಎಸ್‌ಪಿಒ ಕೂಟ 2004ರಿಂದ ಇದೆ, ಜಗತ್ತಿನ ತಾಳೆ ಎಣ್ಣೆಯಲ್ಲಿ ಐದನೇ ಒಂದು ಪಾಲು ಅದರ ಕೆಳಗೆ ಬಂದಿದೆ. ಅದರಲ್ಲಿ ಲೋಪಗಳಿವೆ ಎಂಬ ಟೀಕೆಯೂ ಇದೆ. ಆದರೂ ಅತಿ ಹೆಚ್ಚು ಕೊಳ್ಳುವ ನಾವೇ ಅದನ್ನು ಕೇಳದಿದ್ದರೆ ಬೆಳೆಯುವವನು ಯಾರಿಗಾಗಿ ಕಾಡು ಉಳಿಸಿಯಾನು?

ಈ ಎಣ್ಣೆಗೆ ನಾವು ಇಷ್ಟು ಅಂಟಿಕೊಂಡದ್ದು ತೀರಾ ಹಳೆಯ ಮಾತಲ್ಲ. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾಗಿ, ಹತ್ತು ವರ್ಷದೊಳಗೆ ದೇಶದ ಎಣ್ಣೆಕಾಳಿನ ಬೆಳೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. 90ರ ದಶಕದ ಆರಂಭದಲ್ಲಿ ಆಮದು ತೀರಾ ಕೆಳಗೆ ಬಂದಿತ್ತು. ಬೆಳೆಗಾರ ಗೆದ್ದಿದ್ದ. 1994ರಲ್ಲಿ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ಮುಕ್ತ ಮಾಡಿದರು. ಆಗ ಸುಂಕ ಶೇ. 65, ನಾಲ್ಕೇ ವರ್ಷದಲ್ಲಿ ಶೇ. 15. ಕಡಲೆಕಾಯಿ ಬೆಲೆ ಕುಸಿಯಿತು. ಅಲ್ಲಿಂದ ಇವತ್ತಿನವರೆಗೆ ಸುಂಕ ಏರುವುದು, ಇಳಿಯುವುದು ನಡೆದೇ ಇದೆ: 2024ರ ಸೆಪ್ಟೆಂಬರಿನಲ್ಲಿ ಶುದ್ಧೀಕರಿಸದ ಅಡುಗೆ ಎಣ್ಣೆಯ ಮೂಲ ಸುಂಕ ಸೊನ್ನೆಯಿಂದ ಶೇ. 20ಕ್ಕೆ ಹೋಯಿತು, 2025ರ ಮೇ ಕೊನೆಗೆ ಮತ್ತೆ ಶೇ. 10ಕ್ಕೆ ಬಂತು. ಬಿತ್ತುವಾಗ ಒಂದು ಸುಂಕ, ಕೀಳುವಾಗ ಇನ್ನೊಂದು ಸುಂಕ ಎಂದಾದರೆ ರೈತ ಯಾವ ಧೈರ್ಯದ ಮೇಲೆ ಎಣ್ಣೆಕಾಳು ಹಾಕಬೇಕು? 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಮೂರು ವಾರ ರಫ್ತು ನಿಲ್ಲಿಸಿದಾಗ ನಮ್ಮ ಇಡೀ ದೇಶ ತತ್ತರಿಸಿತು. ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯೂ ಸಿಗದ ಹೊತ್ತು ಅದು.

ಇದಕ್ಕೆ ಸರ್ಕಾರ ಕೊಟ್ಟ ಉತ್ತರ, ನಾವೇ ತಾಳೆ ಬೆಳೆಯೋಣ ಎಂಬುದು. 2021ರ ಆಗಸ್ಟಿನಲ್ಲಿ 11,040 ಕೋಟಿ ರೂಪಾಯಿಯ ತಾಳೆ ಮಿಷನ್ ಘೋಷಣೆಯಾಯಿತು. ಮುಖ್ಯ ಗುರಿ ಈಶಾನ್ಯ ರಾಜ್ಯಗಳು ಮತ್ತು ಅಂಡಮಾನ್, ಅಂದರೆ ನಮ್ಮಲ್ಲಿ ಉಳಿದಿರುವ ಒಳ್ಳೆಯ ಕಾಡುಗಳ ಪಕ್ಕ. ಮೈಸೂರಿನಲ್ಲೇ ನೆಲೆ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಟಿ. ಆರ್. ಶಂಕರ್ ರಾಮನ್ ಅವರು ಜಯದೇವ್ ಮಂಡಲ್ ಅವರ ಜೊತೆ ಮಿಜೋರಾಮಿನಲ್ಲಿ ಹಕ್ಕಿಗಳ ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಕಾಡು ಸುಟ್ಟು ಬೆಳೆ ತೆಗೆದು ಮತ್ತೆ ಬೀಳು ಬಿಡುವ ಝೂಮ್ ಬೇಸಾಯದ ನೆಲದಲ್ಲಿ ಕಾಡಿನ ಹಕ್ಕಿಗಳು ಎಷ್ಟೋ ಉಳಿದಿದ್ದವು, ತಾಳೆ ತೋಟದಲ್ಲಿ ಬಹಳ ಕಡಿಮೆ. ಝೂಮ್ ಕಾಡು ಹಾಳುಮಾಡುತ್ತದೆ ಎಂದು ದೂರಿ ಅದರ ಜಾಗಕ್ಕೆ ತಾಳೆ ತರುತ್ತಿದ್ದ ಕಾಲದಲ್ಲಿ ಬಂದ ಮಾತು ಇದು. ಇದನ್ನು ಕೇಳಬೇಕಾದವರು ಕೇಳಿಸಿಕೊಳ್ಳಲಿಲ್ಲ ಎಂಬ ಸಂಕಟ ನನಗಿದೆ.

ನಮ್ಮ ಜಿಲ್ಲೆಗಳಲ್ಲೂ ತಾಳೆ ಇದೆ. ಮಳವಳ್ಳಿ ಕಡೆಯ ನಮ್ಮ ಊರಿನಲ್ಲಿ ಚಿಕ್ಕಪ್ಪನ ಮಗನಿಗೂ ಹಾಕುವ ಆಲೋಚನೆ ಬಂದಿತ್ತು. ಹೋದಾಗ ಜಗಲಿಯ ಮೇಲೆ ಕೂತು ಮಾತಾಡಿದೆವು. "ಕಬ್ಬು ನಂಬ್ಕಂಡು ಏನ್ ಉದ್ಧಾರ ಆದೊ ಅಕ್ಕ? ಕಟಾವಿಗೆ ಆಳಿಲ್ಲ, ದುಡ್ಡು ಯಾವಾಗ್ ಬತ್ತದೋ ಗೊತ್ತಿಲ್ಲ. ಇದಾದ್ರೆ ಗೊನೆ ಕುಯ್ದು ಕೊಟ್ರೆ ಆಯ್ತು, ಮೂವತ್ತು ವರ್ಷ ಯೋಚ್ನೆ ಇಲ್ಲ ಅಂತಾರೆ" ಎಂದ. ಅವನ ಆಸೆಯನ್ನು ಹೀಗಳೆಯಲು ನನಗೆ ಮನಸ್ಸು ಬರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ. ಎಕರೆಗೆ 57 ಗಿಡ. ಬಲಿತ ಗಿಡಕ್ಕೆ ದಿನಕ್ಕೆ 150ರಿಂದ 200 ಲೀಟರ್ ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮೂರು ನಾಲ್ಕು ವರ್ಷ ಫಸಲು ಕಾಯಬೇಕು. ಕೊಯ್ದ ಗೊನೆಯನ್ನು ಒಂದೆರಡು ದಿನದೊಳಗೆ ಮಿಲ್ಲಿಗೆ ಮುಟ್ಟಿಸಬೇಕು, ತಡವಾದರೆ ಎಣ್ಣೆಯ ಹುಳಿ ಏರಿ ಬೆಲೆ ಬೀಳುತ್ತದೆ. ಹತ್ತಿರ ಇರುವುದು ಒಂದೇ ಮಿಲ್ಲಾದರೆ ಅದು ಹೇಳಿದ್ದೇ ದರ, ನಿಂತರೆ ನಾವೂ ನಿಂತ ಹಾಗೆ. ಸಕ್ಕರೆ ಕಾರ್ಖಾನೆ ನಿಂತ ವರ್ಷಗಳಲ್ಲಿ ಕಬ್ಬು ಗದ್ದೆಯಲ್ಲೇ ಒಣಗಿದ್ದನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯಲ್ಲಿ ನೀರು ಬಿಡುವ ಬಗ್ಗೆ ಪ್ರತಿ ಬೇಸಿಗೆಯೂ ರಸ್ತೆಗೆ ಇಳಿಯುವ ಊರಿನಲ್ಲಿ, ವರ್ಷವಿಡೀ ನೀರು ಬೇಡುವ ಮರ ನೆಟ್ಟು ಮೂವತ್ತು ವರ್ಷಕ್ಕೆ ಮಾತು ಕೊಡುವುದು ದೊಡ್ಡ ಜೂಜು. ಅವನು ಸದ್ಯಕ್ಕೆ ಅರ್ಧ ಎಕರೆ ತೆಂಗಿನ ನಡುವೆ ಬಾಳೆ ಹಾಕಿದ್ದಾನೆ. ತಾಳೆಯನ್ನು ಬಿಟ್ಟಿದ್ದೇನೆ ಎಂದು ಹೇಳಿಲ್ಲ.

ಅದೇ ಊರಿನ ಮೇಲ್ಬಯಲಿನಲ್ಲಿ, ನಾಲೆ ನೀರು ಹತ್ತದ ಹೊಲಗಳಲ್ಲಿ, ರಾಗಿಯ ಮಧ್ಯೆ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ಹರಳು, ಸಾಸಿವೆ, ಹುಚ್ಚೆಳ್ಳು. ದಸರಾ ಕಳೆಯುವ ಹೊತ್ತಿಗೆ ಹುಚ್ಚೆಳ್ಳು ಹೂಬಿಟ್ಟು ಹೊಲವೆಲ್ಲ ಹಳದಿ, ಜೇನು ಮುತ್ತುತ್ತಿತ್ತು. ಆ ಬೆಳೆಗೆ ಕಾಯಿ ಕಟ್ಟಲು ಜೇನು ಬೇಕೇ ಬೇಕು. ಕಾಳನ್ನು ಹುರಿದು ಅವ್ವ ಚಟ್ನಿಪುಡಿ ಮಾಡುತ್ತಿದ್ದಳು, ಉಳಿದದ್ದು ಗಾಣಕ್ಕೆ ಹೋಗುತ್ತಿತ್ತು, ಹಿಂಡಿ ಎಮ್ಮೆಗೆ. ಹುಚ್ಚೆಳ್ಳೆಣ್ಣೆಯಲ್ಲಿ ಬಹುಪಾಲು ಲಿನೋಲಿಕ್ ಆಮ್ಲ, ಎಲ್‌ಡಿಎಲ್ ಇಳಿಸುವ ಗುಂಪಿನ ಕೊಬ್ಬು. ಬೇಗ ಕಮಟುತ್ತದೆ ಎಂಬುದು ಅದರ ದೋಷ, ಹಾಗಾಗಿ ಆಗಾಗ ಸ್ವಲ್ಪ ಸ್ವಲ್ಪ ಗಾಣ ಆಡಿಸುತ್ತಿದ್ದರು. ಆರು ತಿಂಗಳು ಅಂಗಡಿಯಲ್ಲಿ ಕೂರುವ ಬಿಸ್ಕತ್ತಿಗೆ ಇದು ಆಗುವುದಿಲ್ಲ, ಮನೆಯ ಒಗ್ಗರಣೆಗೆ ಧಾರಾಳವಾಗಿ ಆಗುತ್ತದೆ. ಒಕ್ಕಣೆ ಯಂತ್ರ ಬಂದ ಮೇಲೆ ಅಕ್ಕಡಿ ಸಾಲು ತೊಡಕು ಎಂದು ಬಿಟ್ಟರು. ಗಾಣಿಗರ ಬೀದಿ ಹೆಸರಿಗಷ್ಟೇ ಉಳಿಯಿತು.

ತೌಡಿನ ಮಾತೂ ಇದೆ. ಮಂಡ್ಯದ ಅಕ್ಕಿ ಗಿರಣಿಗಳಿಂದ ಬರುವ ತೌಡಿನಲ್ಲಿ ಶೇ. 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಅದಕ್ಕೆ ಬೇರೆ ನೆಲ ಬೇಡ, ಬೇರೆ ನೀರು ಬೇಡ, ಭತ್ತ ಬೆಳೆದಾಗಲೇ ಅದೂ ಬೆಳೆದಿದೆ. ಸ್ಯಾಚುರೇಟೆಡ್ ಕೊಬ್ಬು ತಾಳೆಯ ಅರ್ಧದಷ್ಟು, ಕೊಲೆಸ್ಟರಾಲ್ ಇಳಿಸುವ ಒರೈಜನಾಲ್ ಇದೆ, ಕರಿಯಲೂ ತಾಳುತ್ತದೆ. ತೊಡಕು ಒಂದೇ: ಅಕ್ಕಿಯಿಂದ ಬೇರ್ಪಟ್ಟ ಗಳಿಗೆಯಿಂದಲೇ ತೌಡಿನೊಳಗಿನ ಕಿಣ್ವ ಎಣ್ಣೆಯನ್ನು ಕೆಡಿಸಲು ಶುರುಮಾಡುತ್ತದೆ. ಕೂಡಲೇ ಬಿಸಿ ಹಬೆ ಕೊಟ್ಟು ಆ ಕಿಣ್ವವನ್ನು ಸುಮ್ಮನಾಗಿಸಬೇಕು. ಸಣ್ಣ ಗಿರಣಿಗಳಿಗೆ ಆ ಯಂತ್ರಕ್ಕೆ ನೆರವು ಸಿಕ್ಕರೆ ಎಷ್ಟೋ ಎಣ್ಣೆ ಇಲ್ಲೇ ಸಿಗುತ್ತದೆ. 1950ರಿಂದ ನಮ್ಮ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ. ಎಣ್ಣೆಯ ವಿಜ್ಞಾನಕ್ಕೆಂದೇ ಅಲ್ಲೊಂದು ವಿಭಾಗವಿದೆ. ವಿದ್ಯೆ ನಮ್ಮ ಊರಲ್ಲೇ ಇದೆ, ತೌಡು ಪಕ್ಕದ ಊರಲ್ಲಿದೆ, ಕರಿಯುವ ಗಾಡಿಗಳು ಬೀದಿಯಲ್ಲಿವೆ.

ಮನೆಮಟ್ಟಿಗೆ ನಾನು ಮಾಡುವುದು ಸರಳ. ಪೊಟ್ಟಣದ ತಿಂಡಿ ಕಡಿಮೆ, ಬಿಸ್ಕತ್ತಿನ ಡಬ್ಬಕ್ಕೆ ಹುರಿದ ಕಡ್ಲೆಕಾಯಿ, ಸೋಪು ಊರಿನ ಕೊಬ್ಬರಿ ಎಣ್ಣೆಯದು. ಇದೆಲ್ಲ ಕೈಯಲ್ಲಿ ಕಾಸಿರುವವರಿಗೆ ಆಗುವ ಮಾತು ಎಂಬುದೂ ಗೊತ್ತು. ಆದ್ದರಿಂದ ನನ್ನ ಬೇಡಿಕೆ ಇರುವುದು ಎರಡು ಕಡೆ. ಹೋಟೆಲು, ಬೇಕರಿ, ಸಿಹಿ ಅಂಗಡಿಗಳು ಯಾವ ಎಣ್ಣೆಯಲ್ಲಿ ಮಾಡಿದ್ದು ಎಂದು ಕನ್ನಡದಲ್ಲಿ ಒಂದು ಬೋರ್ಡು ಹಾಕಬೇಕು. ದಸರಾ ಆಹಾರ ಮೇಳದ ಮಳಿಗೆಗಳಿಂದಲೇ ಇದನ್ನು ಶುರುಮಾಡಬಹುದು, ಲಕ್ಷಾಂತರ ಜನ ಓದುತ್ತಾರೆ. ಇನ್ನೊಂದು, ಪಡಿತರದ್ದು. ಹಿಂದೆ ನಮ್ಮ ರಾಜ್ಯದ ನ್ಯಾಯಬೆಲೆ ಅಂಗಡಿಗಳಲ್ಲಿ ತಾಳೆ ಎಣ್ಣೆ ಕೊಟ್ಟಿದ್ದಾರೆ. ಬಡವರ ಮನೆಗೆ ಅದು ಹೊಕ್ಕದ್ದು ಸರ್ಕಾರದ ಕೈಯಿಂದಲೇ. ಪಡಿತರಕ್ಕೆ ಎಣ್ಣೆ ಸೇರಿಸುವ ಮಾತು ಆಗಾಗ ಬರುತ್ತದೆ. ಬಂದಾಗ ಆ ಎಣ್ಣೆ ಪಾವಗಡ, ಚಳ್ಳಕೆರೆಯ ಕಡಲೆಕಾಯಿಯದೋ ಮಂಡ್ಯದ ತೌಡಿನದೋ ಆಗಲಿ. ತಿಂಗಳಿಗೆ ಒಂದು ಲೀಟರಿನ ಖಾತರಿ ಕೊಳ್ಳುವಿಕೆ ಇದೆ ಎಂದಾದರೆ ಗಿರಣಿಯವನು ಹಬೆಯ ಯಂತ್ರ ಹಾಕುತ್ತಾನೆ, ಮೇಲ್ಬಯಲಿನವನು ಎಣ್ಣೆಕಾಳು ಬಿತ್ತುತ್ತಾನೆ. ಟೆಂಡರಿನಲ್ಲಿ ಖಾದ್ಯ ತೈಲ ಎಂದು ಬರೆಯುವ ಜಾಗದಲ್ಲಿ ಎಣ್ಣೆಯ ಹೆಸರನ್ನೂ ಬರೆಯಿರಿ ಎಂದು ನಮ್ಮ ಶಾಸಕರನ್ನು ಕೇಳುವವರು ಬೇಕಾಗಿದ್ದಾರೆ. ನಾನು ಕಾಗದ ಬರೆದಿದ್ದೇನೆ, ನೀವೂ ಬರೆಯಿರಿ.